ಕೀಲಿ ಯಾರ ಕೈಯಲ್ಲಿ?

ಮುಂಬಯಿಯ ಮಳೆಯಲ್ಲಿ ನೆನೆದ ಕೀಲಿಕೈ ನಮ್ಮನ್ನು ಬೀದಿಯಲ್ಲಿ ನಿಲ್ಲಿಸಿದಾಗ, ದೋಷ ಸೆಲ್ಲಿನದೆಂದೇ ಬಗೆದೆವು. ಹೊಸ ಸೆಲ್ ಹಾಕಿದೆವು. ಬಾಗಿಲು ತೆರೆಯಿತು, ಎಂಜಿನ್ ಮಾತ್ರ ಚಾಲನೆಗೊಳ್ಳಲಿಲ್ಲ. ಇಮ್ಮೊಬಿಲೈಸರ್ ಚಿಪ್ಪಿಗೆ ಸೆಲ್ಲಿನ ಹಂಗಿಲ್ಲ. ಇಗ್ನಿಷನ್ ಬೀಗದ ಸುತ್ತಲಿನ ತಂತಿಸುರುಳಿಯಿಂದ ಶಕ್ತಿ ಪಡೆದು ಅದು ತನ್ನ ಗುರುತು ಹೇಳುತ್ತದೆ. ಗುರುತು ತಾಳೆಯಾಗದಿದ್ದರೆ ಎಂಜಿನ್ ಓಡದು. ಎರಡನೆಯ ಕೀಲಿ ತಂದು ತಿರುಗಿಸಿದೊಡನೆ ಕಾರು ಹೊರಟಿತು. ಕೆಟ್ಟದ್ದು ಮೊದಲ ಕೀಲಿಯ ಚಿಪ್ಪೆಂದು ತಿಳಿಯಿತು.

ಕಳ್ಳರನ್ನು ತಡೆಯುವ ಈ ಏರ್ಪಾಡು ಒಳ್ಳೆಯದೇ. ಆದರೆ ಹೊಸ ಕೀಲಿಯ ಗುರುತನ್ನು ಕಾರಿಗೆ ಕಲಿಸುವ ಅಧಿಕಾರ ಕಂಪನಿಯ ಗ್ಯಾರೇಜಿಗಷ್ಟೇ ಮೀಸಲಾಗಬಾರದು. 2022ರಲ್ಲಿ ಕೇಂದ್ರ ಸರ್ಕಾರ ದುರಸ್ತಿ ಹಕ್ಕಿನ ಜಾಲತಾಣವನ್ನು ತೆರೆಯಿತು. ಕೀಲಿಯ ಸಂಕೇತವೂ ಆ ಹಕ್ಕಿನೊಳಗೆ ಸೇರಬೇಕೆಂಬುದು ನಮ್ಮ ನಿಲುವು. ಅಲ್ಲಿಯವರೆಗೆ ಎರಡನೆಯ ಕೀಲಿಯನ್ನು ಮನೆಯಲ್ಲಿ ಜೋಪಾನವಾಗಿಡೋಣ.