ನೀರು ಕೊಟ್ಟವರು ಬೆಲೆ ಕೊಟ್ಟರೇ?



"ನೀರು ಕೊಟ್ಟಿದ್ದೀವಲ್ಲ, ಇನ್ನೇನ್ರೀ ಬೇಕು ನಿಮಗೆ?" ಈ ಮಾತನ್ನು ನೀವೂ ಕೇಳಿರುತ್ತೀರಿ. 1980ರಲ್ಲಿ ನರಗುಂದ, ನವಲಗುಂದದ ರೈತರು ಮಲಪ್ರಭೆಯ ಅಭಿವೃದ್ಧಿ ಕರ ಕಟ್ಟೋದಿಲ್ಲ ಎಂದು ಎದ್ದು ನಿಂತರು. ನೀರಿನ ಲೆಕ್ಕ ಬರೆದು ರೈತನ ತಲೆಗೆ ಕಟ್ಟುವ ಈ ವಿದ್ಯೆ ಎಷ್ಟು ಹಳೆಯದು ಅಂತ ತಿಳಿಯಬೇಕಾದರೆ ಆಂಧ್ರದ ಗೋದಾವರಿ ಜಿಲ್ಲೆಯ ಕಡೆ ನೋಡಿ.

ರಾಜಮಹೇಂದ್ರಿಯ ಕೆಳಗೆ ಧವಳೇಶ್ವರದ ಹತ್ತಿರ ಗೋದಾವರಿ ಒಡೆದು ಗೌತಮಿ, ವಸಿಷ್ಠ ಎಂದು ಹರಿಯುತ್ತದೆ. ನಡುವೆ ಇರುವುದೇ ಕೋನಸೀಮೆ. ಹೊಳೆ ತಂದು ಸುರಿದ ಮೆಕ್ಕಲು ಮಣ್ಣು, ತೆಂಗು, ಬತ್ತ. ಇಂಥ ನೆಲದಲ್ಲೂ 1832-33ರ ಬರದಲ್ಲಿ ಜನ ಹುಳುಗಳ ಹಾಗೆ ಸತ್ತರು. ಕಂಪನಿ ಸರ್ಕಾರ ಎಚ್ಚೆತ್ತದ್ದು ಯಾವಾಗ? ಕಂದಾಯ ಇಳಿದಾಗ! 1844ರಲ್ಲಿ ಮಾಂಟ್‌ಗೊಮರಿ ಎಂಬ ಅಧಿಕಾರಿ ಜಿಲ್ಲೆ ಯಾಕೆ ಹಾಳಾಯಿತೆಂದು ವರದಿ ಕೊಟ್ಟ. ಆಮೇಲೆ ಆರ್ಥರ್ ಕಾಟನ್ 1847ರಿಂದ 1852ರವರೆಗೆ ಅಣೆಕಟ್ಟು ಕಟ್ಟಿದ. ಅಲ್ಲಿನ ರೈತರು ಇವತ್ತಿಗೂ ಕಾಟನ್‌ನ ಪ್ರತಿಮೆಗೆ ಹಾರ ಹಾಕುತ್ತಾರೆ, ಹಾಕಲಿ. ಆತ ಯೋಗ್ಯ ಎಂಜಿನಿಯರ್. ಆದರೆ ಆತನ ಹಿಂದೆಯೇ ಲೆಕ್ಕದ ಪುಸ್ತಕ ಬಂತು. 1865ರಲ್ಲಿ ಮದ್ರಾಸ್ ಸರ್ಕಾರ ನೀರಿನ ತೆರಿಗೆಗೆಂದೇ ಕಾಯಿದೆ ಮಾಡಿತು.

ಸರಿ, ನೀರು ಬಂತು, ಬತ್ತ ಬೆಳೆಯಿತು. ಜಿಲ್ಲೆಗೆ ಅನ್ನದ ಕಣಜ ಎಂಬ ಹೆಸರೂ ಬಂತು. 1925ರಲ್ಲಿ ಜಿಲ್ಲೆಯನ್ನು ಪೂರ್ವ, ಪಶ್ಚಿಮ ಎಂದು ಒಡೆದರು. ಕೆಲವೇ ವರ್ಷದಲ್ಲಿ ಕೃಷ್ಣಾ, ಗೋದಾವರಿ ಸೀಮೆಗಳ ಕಂದಾಯವನ್ನು ರೂಪಾಯಿಗೆ ಮೂರಾಣೆ ಏರಿಸಲು ಹೊರಟರು. ಎನ್.ಜಿ. ರಂಗಾ ಮುಂತಾದವರು ರೈತರನ್ನು ಕೂಡಿಸಿ ಹೋರಾಡಿದ್ದು ಆಗಲೇ. ಅಷ್ಟರಲ್ಲಿ 1930ರ ಜಗತ್ತಿನ ಮುಗ್ಗಟ್ಟು ಬಂತು, ಬತ್ತದ ಬೆಲೆ ಕುಸಿಯಿತು. ರಂಗೂನಿನ ಅಗ್ಗದ ಅಕ್ಕಿ ಹಡಗಿನಲ್ಲಿ ಬಂದು ಇಳಿಯುತ್ತಿತ್ತು. ಬೆಲೆ ಇಳಿದರೂ ಕಂದಾಯ ಇಳಿಯಲಿಲ್ಲ, ಸಾಹುಕಾರನ ಬಡ್ಡಿಯೂ ಇಳಿಯಲಿಲ್ಲ. 1935ರಲ್ಲಿ ಸತ್ಯನಾಥನ್ ಎಂಬ ಅಧಿಕಾರಿ ಇಡೀ ಮದ್ರಾಸ್ ಪ್ರಾಂತದ ರೈತರ ಸಾಲ 200 ಕೋಟಿ ರೂಪಾಯಿ ಎಂದು ಅಂದಾಜು ಕೊಟ್ಟರು. 1938ರಲ್ಲಿ ರಾಜಾಜಿ ಸರ್ಕಾರ ಕಾಯಿದೆ ತಂದು ಹಳೆ ಸಾಲದ ಬಾಕಿ ಬಡ್ಡಿ ಕತ್ತರಿಸಿತು. ಬಡ್ಡಿ ಹೋಯಿತು ಸ್ವಾಮಿ, ಬೆಲೆ ಮಾತ್ರ ಸಿಗಲಿಲ್ಲ.

ಬಿಳಿಯರು ಹೋದ ಮೇಲಾದರೂ ಸರಿಹೋಯಿತೇ? 2008ರಲ್ಲಿ ದೆಹಲಿ ಸರ್ಕಾರ ಸಾಮಾನ್ಯ ಅಕ್ಕಿಯ ರಫ್ತು ನಿಲ್ಲಿಸಿತು. 2011ರ ಸೆಪ್ಟೆಂಬರಿನವರೆಗೂ ಬೀಗ ತೆಗೆಯಲಿಲ್ಲ. ಆ ವರ್ಷ ಬತ್ತಕ್ಕೆ ಬೆಂಬಲ ಬೆಲೆ ಕ್ವಿಂಟಾಲಿಗೆ 1080 ರೂಪಾಯಿ. ಕೂಲಿ, ಗೊಬ್ಬರದ ಖರ್ಚೂ ಹುಟ್ಟುವುದಿಲ್ಲ ಎಂದು ಕೋನಸೀಮೆಯ ರೈತರು ಮುಂಗಾರಿನಲ್ಲಿ ಹತ್ತಾರು ಸಾವಿರ ಎಕರೆ ಬೀಳು ಬಿಟ್ಟರು. ಬೆಳೆ ರಜೆ ಎಂದು ಅದಕ್ಕೆ ಹೆಸರು. ಅಲ್ಲಿ ಉಳುವವರಲ್ಲಿ ಬಹಳ ಜನ ಗೇಣಿದಾರರು. ಬ್ಯಾಂಕು ಅವರಿಗೆ ಸುಲಭವಾಗಿ ಸಾಲ ಕೊಡುವುದಿಲ್ಲ. ಗೇಣಿಗೆ ಹೊಲ ಕೊಟ್ಟಿರುವ ನಮ್ಮವರೂ ಇದನ್ನು ಸ್ವಲ್ಪ ಯೋಚಿಸಬೇಕು.

ಇನ್ನು ಮೇಲೆ ಯಾರಾದರೂ ಬಂದು ನೀರಿನ ಉಪಕಾರ ಹೇಳಿದರೆ ಸುಮ್ಮನೆ ತಲೆಯಾಡಿಸಬೇಡಿ. 1852ರಿಂದ ಕಾಲುವೆ ಹರಿದ ಸೀಮೆಯಲ್ಲಿ 2011ರಲ್ಲಿ ನಾಟಿ ಯಾಕೆ ನಿಂತಿತು ಸ್ವಾಮಿ, ಅಂತ ಅಲ್ಲೇ ಕೂರಿಸಿ ಕೇಳಿ.