ಕಾಪಾಡಿದ ಮನೆ ಮತ್ತು ಕಾಪಾಡಬೇಕಾದ ಸತ್ಯ

ಮಹನೀಯರು ಬಾಳಿದ ಮನೆಗಳನ್ನು ಮುಂದಿನ ಪೀಳಿಗೆಗೆ ಉಳಿಸಿಕೊಡುವುದು ಸುಸಂಸ್ಕೃತ ಸಮಾಜದ ಲಕ್ಷಣವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಾಗೆ ಉಳಿಸಿದ ಮನೆಯಲ್ಲಿ ನೆನೆಯಬೇಕಾದುದು ಒಡೆಯನನ್ನು ಮಾತ್ರವೋ, ಆ ಮನೆಯನ್ನು ತಮ್ಮ ಬೆವರಿನಿಂದ ನಡೆಸಿದವರನ್ನೂ ಕೂಡಿಯೋ ಎಂಬ ಪ್ರಶ್ನೆ ಸುಲಭವಾದುದಲ್ಲ. ಅಮೆರಿಕೆಯ ವರ್ಜೀನಿಯಾದಲ್ಲಿ, ಪೊಟೊಮ್ಯಾಕ್ ನದಿಯ ದಂಡೆಯ ಮೇಲಿರುವ ಮೌಂಟ್ ವರ್ನನ್ ಭವನದ ಚರಿತ್ರೆ ಈ ಪ್ರಶ್ನೆಯ ಮೇಲೆ ಸಾಕಷ್ಟು ಬೆಳಕನ್ನು ಚೆಲ್ಲುತ್ತದೆ.

ವರ್ಜೀನಿಯಾ ಬ್ರಿಟಿಷರ ವಸಾಹತಾಗಿದ್ದ ಕಾಲದಲ್ಲಿ, ಸುಮಾರು 1734ರಲ್ಲಿ, ಜಾರ್ಜ್ ವಾಷಿಂಗ್ಟನ್ನರ ತಂದೆ ಇಲ್ಲಿ ಸಾಧಾರಣವಾದ ಮನೆಯೊಂದನ್ನು ಕಟ್ಟಿಸಿದರು. ಮಗ ಅದನ್ನು ಹಂತಹಂತವಾಗಿ ಭವ್ಯಭವನವಾಗಿ ಬೆಳೆಸಿದರು. ಅದರ ಹೊರಗೋಡೆಗಳು ನೋಡುವವರಿಗೆ ಕಲ್ಲಿನವೆಂದು ತೋರುತ್ತವೆ. ವಾಸ್ತವದಲ್ಲಿ ಅವು ಪೈನ್ ಮರದ ಹಲಗೆಗಳು. ಅಂಚುಗಳನ್ನು ಓರೆಯಾಗಿ ಕೊರೆದು, ಬಳಿದ ಬಣ್ಣದ ಮೇಲೆ ಮರಳನ್ನೆರಚಿ ಕಲ್ಲಿನ ರೂಪವನ್ನು ತರಲಾಗಿದೆ. ನಡುಮನೆಯಲ್ಲಿ ಬಾಸ್ಟೀಲ್ ಸೆರೆಮನೆಯ ಬೀಗದ ಕೈ ತೂಗುತ್ತಿದೆ. ಅದು ಸ್ವಾತಂತ್ರ್ಯದ ಕುರುಹಾಗಿ ಲಫಾಯೆತ್ 1790ರಲ್ಲಿ ಕಳುಹಿಸಿದ ಕಾಣಿಕೆ.

ಹತ್ತೊಂಬತ್ತನೆಯ ಶತಮಾನದ ನಡುವೆ ಈ ಮನೆ ಶಿಥಿಲವಾಯಿತು. ಅದನ್ನು ಕೊಳ್ಳಲು ಕೇಂದ್ರ ಸರಕಾರವೂ ಮುಂದಾಗಲಿಲ್ಲ, ವರ್ಜೀನಿಯಾ ರಾಜ್ಯವೂ ಮುಂದಾಗಲಿಲ್ಲ. ಆಗ ಹೊಣೆ ಹೊತ್ತವರು ದಕ್ಷಿಣ ಕೆರೋಲಿನಾದ ಆನ್ ಪಮೆಲಾ ಕನಿಂಗ್‌ಹ್ಯಾಮ್ ಎಂಬ ಮಹಿಳೆ. ಬೆನ್ನೆಲುಬಿನ ಪೆಟ್ಟಿನಿಂದ ನರಳುತ್ತಿದ್ದ ಆಕೆ 1853ರಲ್ಲಿ ಮಹಿಳೆಯರ ಸಂಘವೊಂದನ್ನು ಸ್ಥಾಪಿಸಿದರು. ಎಡ್ವರ್ಡ್ ಎವರೆಟ್ ಎಂಬ ವಾಗ್ಮಿ ಊರೂರು ತಿರುಗಿ ಉಪನ್ಯಾಸ ಮಾಡಿ ಸುಮಾರು 69 ಸಾವಿರ ಡಾಲರುಗಳನ್ನು ಕೂಡಿಸಿಕೊಟ್ಟರು. ಎರಡು ಲಕ್ಷ ಡಾಲರುಗಳಿಗೆ ಕ್ರಯವಾದ ಮನೆ 1860ರಲ್ಲಿ ಸಂಘದ ವಶಕ್ಕೆ ಬಂದಿತು. ಇಂದಿಗೂ ಆ ಸಂಘವೇ ಅದನ್ನು ನಡೆಸುತ್ತಿದೆ. ಜನರ ಕಾಣಿಕೆ ಎಂತಹ ಕಾರ್ಯವನ್ನು ಸಾಧಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಸತ್ಯದ ಅರ್ಧಭಾಗವನ್ನು ಹೇಳಿದಂತಾಗುತ್ತದೆ. ವಾಷಿಂಗ್ಟನ್ನರು ತೀರಿಕೊಂಡ 1799ರಲ್ಲಿ ಈ ಎಸ್ಟೇಟಿನಲ್ಲಿ 317 ಮಂದಿ ಗುಲಾಮರಿದ್ದರು. ಅಡಿಗೆ, ಉಳುಮೆ, ಮರಗೆಲಸ, ನೇಯ್ಗೆ ಎಲ್ಲವೂ ಅವರ ಕೈಗಳಿಂದ ನಡೆಯುತ್ತಿತ್ತು. 1796ರಲ್ಲಿ ಓನಾ ಜಡ್ಜ್ ಎಂಬ ತರುಣಿ ಫಿಲಡೆಲ್ಫಿಯಾದಲ್ಲಿದ್ದ ಅಧ್ಯಕ್ಷರ ಮನೆಯಿಂದ ತಪ್ಪಿಸಿಕೊಂಡಾಗ, ಆಕೆಯನ್ನು ಮರಳಿ ಹಿಡಿತರಲು ವಾಷಿಂಗ್ಟನ್ನರು ಯತ್ನಿಸಿದರು. ಬಾಸ್ಟೀಲಿನ ಬೀಗದ ಕೈ ತೂಗುತ್ತಿದ್ದ ಮನೆಯ ಯಜಮಾನರು ಅವರೇ ಎಂಬುದನ್ನು ಮರೆಯಲಾಗದು.

ಇದನ್ನೆಲ್ಲ ಎತ್ತಿ ಆಡುವುದರಿಂದ ಮಹಾಪುರುಷನ ಕೀರ್ತಿಗೆ ಕುಂದುಂಟಾಗುವುದೆಂದು ಕೆಲವರು ವಾದಿಸುವುದುಂಟು. ಈ ವಾದ ನಿಲ್ಲುವಂತಹುದಲ್ಲ. ತಮ್ಮ ಸ್ವಂತ ಒಡೆತನದಲ್ಲಿದ್ದ 123 ಮಂದಿಗೆ ಪತ್ನಿಯ ಕಾಲಾನಂತರ ಬಿಡುಗಡೆ ದೊರೆಯಬೇಕೆಂದು ವಾಷಿಂಗ್ಟನ್ನರು ಉಯಿಲು ಬರೆದಿದ್ದರು. ಆಕೆ 1801ರ ಜನವರಿ 1ರಂದೇ ಅವರಿಗೆ ಬಿಡುಗಡೆಯಿತ್ತರು. ಪತ್ನಿಯ ಮೊದಲ ಗಂಡನ ಆಸ್ತಿಗೆ ಸೇರಿದ್ದ 153 ಮಂದಿಯನ್ನು ಬಿಡಿಸಲು ಕಾನೂನು ಅವರಿಗೆ ಅವಕಾಶ ಕೊಡಲಿಲ್ಲ. ಗುಲಾಮರ ಮಾತನ್ನು ಮುಚ್ಚಿಟ್ಟರೆ ಈ ಉಯಿಲಿನ ಹಿರಿಮೆಯನ್ನೂ ಮುಚ್ಚಿಟ್ಟಂತಾಗುವುದಲ್ಲವೆ? ತಪ್ಪನ್ನು ಬಲ್ಲವನಿಗೆ ಮಾತ್ರವೇ ತಿದ್ದುಪಡಿಯ ಬೆಲೆ ತಿಳಿದೀತು.

ಆ ಸಂಘಕ್ಕೂ ಈ ಅರಿವು ಒಮ್ಮೆಲೇ ಮೂಡಲಿಲ್ಲ. ಗುಲಾಮರ ಗುರುತಿಲ್ಲದ ಸಮಾಧಿಗಳ ನಡುವೆ 1929ರಲ್ಲಿ ನೆಡಿಸಿದ ಕಲ್ಲು ಅವರನ್ನು ನಂಬಿಕಸ್ತ ಸೇವಕರೆಂದು ಕರೆಯಿತು. ಗುಲಾಮರೆಂಬ ಮಾತು ಅದರಲ್ಲಿರಲಿಲ್ಲ. 1983ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರೂಪಿಸಿದ ಹೊಸ ಸ್ಮಾರಕ ಅಲ್ಲಿ ತಲೆಯೆತ್ತಿತು. ಸರಿಯಾದ ಹೆಸರಿನಿಂದ ಕರೆಯಲು 54 ವರ್ಷಗಳು ಬೇಕಾದವು. ಅದರ ಬಳಿಕ ವಸ್ತುಪ್ರದರ್ಶನ, ಉತ್ಖನನಗಳ ಮೂಲಕ ಅವರ ಬಾಳು ಇನ್ನಷ್ಟು ಬೆಳಕಿಗೆ ಬರುತ್ತಿದೆ.

ಮರವನ್ನು ಕಲ್ಲೆಂದು ತೋರಿಸುವುದು ಶಿಲ್ಪಿಯ ಜಾಣ್ಮೆಯಾದೀತು. ಇತಿಹಾಸಕ್ಕೆ ಅಂತಹ ಬಣ್ಣ ಸಲ್ಲದು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಅಧ್ಯಾಪಕರು ದಿವಾನಖಾನೆಯನ್ನು ತೋರಿಸಿದಂತೆಯೇ ಅಡಿಗೆಮನೆಯನ್ನೂ ಆಳುಗಳ ಕೊಠಡಿಗಳನ್ನೂ ತೋರಿಸಲಿ. ಸ್ಮಾರಕಗಳಿಗೆ ಧನಸಹಾಯ ಮಾಡುವವರು ಗೋಡೆಗಳೊಡನೆ ಗೋಡೆಯೊಳಗಿನ ಸತ್ಯವೂ ಉಳಿಯಬೇಕೆಂದು ಕೇಳಲಿ. ಆಗಲೇ ಹಳೆಯ ಮನೆ ಹೊಸ ಪೀಳಿಗೆಗೆ ಪಾಠಶಾಲೆಯಾಗುತ್ತದೆ.