ಸಹಕಾರವೋ, ಶಾಮೀಲೋ?

ಕಾರ್ಖಾನೆಯ ಮಾಲೀಕರೂ ಸರ್ಕಾರದ ಅಧಿಕಾರಿಗಳೂ ಕೈಗೆ ಕೈ ಜೋಡಿಸಿದರೆ ಮಾತ್ರ ಸುರಕ್ಷತೆ ಸಾಧ್ಯ ಎಂಬ ಉಪದೇಶ ಈಚೆಗೆ ಎಲ್ಲ ಕಡೆಯಿಂದಲೂ ಕೇಳಿಬರುತ್ತಿದೆ. ತಪಾಸಣೆ ಎಂಬುದು ಹಳೆಯ ಕಾಲದ ಪೊಲೀಸ್ ಪದ್ಧತಿಯಂತೆ; ಇನ್ನು ಮುಂದೆ ಸಹಕಾರದ ಯುಗವಂತೆ. ಸಹಕಾರವೆಂದರೆ ಸಮಾಜವಾದಿಗಳಾದ ನಾವು ಮುಖ ತಿರುಗಿಸುವವರಲ್ಲ. ಆದರೆ ಯಾರು ಯಾರೊಡನೆ, ಯಾವುದಕ್ಕಾಗಿ ಸಹಕರಿಸುತ್ತಿದ್ದಾರೆಂದು ಕೇಳುವುದು ನಮ್ಮ ಕರ್ತವ್ಯ. ವಿಷದ ಟ್ಯಾಂಕಿನ ಒಡೆಯನೂ ಅದನ್ನು ಪರೀಕ್ಷಿಸಬೇಕಾದ ಅಧಿಕಾರಿಯೂ ಒಂದೇ ಮೇಜಿನ ಸುತ್ತ ಕೂತು, ಟ್ಯಾಂಕಿನ ಪಕ್ಕದಲ್ಲಿ ಮಲಗುವ ಜನರಿಗೆ ಬಾಗಿಲು ಹಾಕಿಕೊಂಡರೆ ಅದಕ್ಕೆ ಕನ್ನಡದಲ್ಲಿ ಬೇರೆ ಹೆಸರಿದೆ.

ಕಾಯಿದೆಯಲ್ಲಿ ಏನಿದೆ ಎಂಬುದನ್ನು ಮೊದಲು ನೋಡೋಣ. ಅಪಾಯಕಾರಿ ರಾಸಾಯನಿಕಗಳ ಬಗ್ಗೆ 1989ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ಮಾಡಿತು. ಕಾರ್ಖಾನೆಯ ಒಳಗಿನ ತುರ್ತುಯೋಜನೆ ಮಾಲೀಕನ ಹೊಣೆ, ಹೊರಗಿನದು ಜಿಲ್ಲಾಡಳಿತದ ಹೊಣೆ. ಒಳಗಿನ ಅಣಕು ಕವಾಯತು ಆರು ತಿಂಗಳಿಗೊಮ್ಮೆ, ಹೊರಗಿನದು ವರ್ಷಕ್ಕೊಮ್ಮೆಯಾದರೂ ನಡೆಯಬೇಕು. ಅಪಾಯ ಎಂಥದು, ಆದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಸುತ್ತಲಿನ ಜನರಿಗೆ ಮುಂಚಿತವಾಗಿಯೇ ತಿಳಿಸಬೇಕು. 1996ರ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ರಾಜ್ಯಕ್ಕೊಂದು, ಜಿಲ್ಲೆಗೊಂದು, ದೊಡ್ಡ ಅಪಾಯದ ಕಾರ್ಖಾನೆಗಳಿರುವ ಪ್ರತಿಯೊಂದು ಕೈಗಾರಿಕಾ ಪ್ರದೇಶಕ್ಕೊಂದು ಬಿಕ್ಕಟ್ಟು ನಿರ್ವಹಣಾ ಸಮಿತಿ ಇರಬೇಕೆಂದು ವಿಧಿಸಿದವು. ಜಿಲ್ಲಾ ಸಮಿತಿ 45 ದಿನಕ್ಕೊಮ್ಮೆ, ಸ್ಥಳೀಯ ಸಮಿತಿ ತಿಂಗಳಿಗೊಮ್ಮೆ ಸಭೆ ಸೇರಬೇಕು.

ಸ್ಥಳೀಯ ಸಮಿತಿಯಲ್ಲಿ ಯಾರಿರಬೇಕು? ಉಪವಿಭಾಗಾಧಿಕಾರಿ ಅಧ್ಯಕ್ಷರು, ಕಾರ್ಖಾನೆಗಳ ಇನ್‌ಸ್ಪೆಕ್ಟರ್ ಕಾರ್ಯದರ್ಶಿ. ಕೈಗಾರಿಕೆಗಳವರು, ರಾಸಾಯನಿಕ ಸಾಗಿಸುವ ಇಬ್ಬರು ಸಾಗಣೆದಾರರು, ಅಗ್ನಿಶಾಮಕದವರು, ಪೊಲೀಸರು, ವೈದ್ಯರು, ಊರಿನ ಮುಖಂಡರು, ಸಮಾಜ ಸೇವಕರು. ಜೊತೆಗೆ ಸ್ಥಳೀಯ ಪತ್ರಿಕೆಯ ಸಂಪಾದಕರು. ಇಷ್ಟು ಉದ್ದದ ಪಟ್ಟಿಯಲ್ಲಿ ಒಬ್ಬನ ಹೆಸರು ಮಾತ್ರ ಇಲ್ಲ: ಕಾರ್ಮಿಕನದು! ಜಿಲ್ಲಾ ಸಮಿತಿಯಲ್ಲಿ ಕಾರ್ಮಿಕ ಸಂಘದವರಿಗೆ ಒಂದೇ ಒಂದು ಸ್ಥಾನವಿದೆ. ಅದನ್ನೂ ತುಂಬುವವರು ಜಿಲ್ಲಾಧಿಕಾರಿಗಳು. ವಾಲ್ವು ತಿರುಗಿಸುವವನು, ಟ್ಯಾಂಕಿಗಿಳಿಯುವವನು, ಗ್ಯಾಸಿನ ವಾಸನೆಯನ್ನು ಎಲ್ಲರಿಗಿಂತ ಮೊದಲು ಹಿಡಿಯುವವನು ಸ್ಥಳೀಯ ಸಮಿತಿಗೆ ಬೇಡವಾದ. ಸಾಗಣೆದಾರರಿಗೆ ಎರಡು ಕುರ್ಚಿ, ಲಾರಿ ಓಡಿಸುವ ಡ್ರೈವರಿಗೆ ಸೊನ್ನೆ. ನಿಯಮ ಬರೆದವರ ವರ್ಗ ಯಾವುದೆಂದು ತಿಳಿಯಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇಷ್ಟಾದರೂ ಈ ನಿಯಮಗಳು ಮೇಲಿನವರ ಔದಾರ್ಯದಿಂದ ಬಂದವಲ್ಲ, ಭೋಪಾಲದ ಹೆಣಗಳ ಮೇಲೆ ಬಂದವು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಊರ ಮೇಲೆ ಹರಿಯಿತು. ಆ ವಿಷವನ್ನು ತಣ್ಣಗಿಡಬೇಕಾದ ಯಂತ್ರವನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆಯನ್ನು ಕಳಚಿಟ್ಟಿದ್ದರು. ಮಧ್ಯಪ್ರದೇಶ ಸರ್ಕಾರ ಒಪ್ಪಿಕೊಂಡ ಸಾವಿನ ಲೆಕ್ಕವೇ 3,787. ನಿಜವಾದ ಲೆಕ್ಕ ಅದರ ಎಷ್ಟೋ ಪಟ್ಟು ಎಂಬುದು ಆ ಊರಿನ ಮನೆಮನೆಗೂ ಗೊತ್ತು. ಹೀಗಾಗುತ್ತದೆಂದು ಯಾರೂ ಹೇಳಿರಲಿಲ್ಲವೆ? ಹೇಳಿದ್ದರು. 1982ರಲ್ಲಿ ಕಂಪನಿ ತಾನೇ ಅಮೆರಿಕದಿಂದ ಕರೆಸಿದ ತಜ್ಞರು ದೋಷಗಳ ಪಟ್ಟಿಯನ್ನೇ ಕೊಟ್ಟಿದ್ದರು. ಅದು ಕಂಪನಿಯ ಕಪಾಟು ಸೇರಿತು. ಅದೇ ವರ್ಷ ರಾಜಕುಮಾರ್ ಕೇಸ್ವಾನಿ ಎಂಬ ಪತ್ರಕರ್ತರು ‘ರಪಟ್’ ಎಂಬ ತಮ್ಮ ಪುಟ್ಟ ಹಿಂದಿ ವಾರಪತ್ರಿಕೆಯಲ್ಲಿ, ಈ ಊರು ಅಪಾಯದ ಬಾಯಲ್ಲಿ ಕೂತಿದೆಯೆಂದು ಮತ್ತೆ ಮತ್ತೆ ಬರೆದರು. ವಿಧಾನಸಭೆಯಲ್ಲಿ ಪ್ರಶ್ನೆ ಬಂದಾಗ, ಕಾರ್ಖಾನೆಯೇನು ಎತ್ತಿ ಬೇರೆಡೆ ಇಡುವ ಕಲ್ಲೇ ಎಂಬ ಧಾಟಿಯಲ್ಲಿ ಮಂತ್ರಿಗಳು ಉತ್ತರ ಕೊಟ್ಟರು. ಸರ್ಕಾರವೂ ಕಂಪನಿಯೂ ಎಷ್ಟು ಚೆನ್ನಾಗಿ ಸಹಕರಿಸಿದವು ನೋಡಿ!

ಒದ್ದೆ ಬಟ್ಟೆಯನ್ನು ಮುಖಕ್ಕೆ ಹಿಡಿದುಕೊಳ್ಳಿ, ಗಾಳಿ ಬೀಸುವ ದಿಕ್ಕಿಗೇ ಓಡಬೇಡಿ ಎಂಬ ಎರಡು ಮಾತು ಮೊದಲೇ ಗೊತ್ತಿದ್ದರೆ ಆ ರಾತ್ರಿ ಎಷ್ಟೋ ಜೀವ ಉಳಿಯುತ್ತಿತ್ತು. ಎರಡು ಮಾತಿಗೆ ದುಡ್ಡು ಬೇಕಿರಲಿಲ್ಲ. ಅದನ್ನು ಹೇಳಬೇಕಾದರೆ ಒಳಗೆ ವಿಷವಿದೆಯೆಂದು ಒಪ್ಪಿಕೊಳ್ಳಬೇಕಾಗಿತ್ತು, ತೊಡಕಿದ್ದದ್ದು ಅಲ್ಲಿ.

ಅದೆಲ್ಲ ಹಳೆಯ ಕತೆ ಎನ್ನುವವರು 2020ರ ಮೇ 7ರ ನಸುಕನ್ನು ನೆನೆಯಲಿ. ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಆವಿ ಎದ್ದು ವೆಂಕಟಾಪುರದ ಮನೆಗಳಿಗೆ ನುಗ್ಗಿತು. 12 ಜನ ಸತ್ತರು. ಕಾರ್ಖಾನೆಯಲ್ಲಿ 36 ಕಡೆಯಿಂದ ಸೈರನ್ ಒತ್ತುವ ಏರ್ಪಾಡಿತ್ತು, ಒಂದು ಕಡೆಯಿಂದಲೂ ಒತ್ತಲಿಲ್ಲ ಎಂದು ಆಂಧ್ರ ಸರ್ಕಾರದ ಸಮಿತಿಯೇ ವರದಿ ಕೊಟ್ಟಿತು. ಸಂಬಂಧಪಟ್ಟ ಪರಿಸರ ಅನುಮತಿ ತನ್ನ ಬಳಿ ಇಲ್ಲವೆಂದು ಕಂಪನಿ 2019ರಲ್ಲಿಯೇ ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿತ್ತು. ತಪ್ಪಿತಸ್ಥನೇ ಬರೆದುಕೊಟ್ಟರೂ ಓದದ ಅಧಿಕಾರಿಗಳಿಗೆ ಯಾವ ಹೆಸರಿಡೋಣ?

ನಮ್ಮ ರಾಜ್ಯಕ್ಕೆ ಬರೋಣ. 2013ರ ಏಪ್ರಿಲ್‌ನಲ್ಲಿ ಮಂಗಳೂರು ಬೆಂಗಳೂರು ಹೆದ್ದಾರಿಯ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರು ಮಗುಚಿ, ರಸ್ತೆಬದಿಯ ಮನೆಗಳಲ್ಲಿದ್ದ ಜನ ಸುಟ್ಟುಹೋದರು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದಾಗ ಭೂಕಂಪವೆಂದು ಜನ ಬೀದಿಗೆ ಓಡಿಬಂದರು. ತಿಂಗಳು ಕಳೆಯುವಷ್ಟರಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿಯಿತು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಹನ್ನೆರಡಕ್ಕೂ ಹೆಚ್ಚು ಬಡವರ ಮಕ್ಕಳು ಬೆಂದುಹೋದರು. ಪ್ರತಿ ಸಲವೂ ಅದೇ ಆಟ: ಮಂತ್ರಿಗಳ ಭೇಟಿ, ಪರಿಹಾರದ ಚೆಕ್ಕು, ಕೆಳಗಿನ ನಾಲ್ಕು ಜನರ ಅಮಾನತು, ತನಿಖೆ. ಕಲ್ಲು ಕ್ವಾರಿಗೆ ಸಿಡಿಮದ್ದು ಹೋಗುವುದು ಊರಿನ ದನಗಾಹಿಗೂ ಗೊತ್ತಿರುವಾಗ, ರಹದಾರಿ ಕೊಡುವ ಕಚೇರಿಗೆ ಮಾತ್ರ ಗೊತ್ತಿಲ್ಲವೆಂದರೆ ನಂಬುವವರಾರು?

ಜನರಿಗೆ ತಿಳಿಸಿದರೆ ಅವರು ಹೆದರುತ್ತಾರೆ ಎನ್ನುವುದು ಅಧಿಕಾರಿಗಳ ವಾದ. ಹೆದರಿಕೆ ಹುಟ್ಟುವುದು ತಿಳಿವಳಿಕೆಯಿಂದಲ್ಲ, ಕತ್ತಲೆಯಿಂದ. ಸಮುದ್ರಕ್ಕೆ ಹೋಗುವ ಮೊಗವೀರರಿಗೆ ಬಿರುಗಾಳಿಯ ಸುದ್ದಿ ಕೊಡುತ್ತೇವೆ. ಅವರೇನು ಬುದ್ಧಿ ಕಳೆದುಕೊಂಡರೇ? ಕಟ್ಟುನಿಟ್ಟು ಮಾಡಿದರೆ ಕೈಗಾರಿಕೆಗಳು ಓಡಿಹೋಗುತ್ತವೆ, ಹುಡುಗರಿಗೆ ಕೆಲಸವಿರುವುದಿಲ್ಲ ಎನ್ನುವುದು ಮಾಲೀಕರ ವಾದ. ಒಂದು ಸೈರನ್ನಿನ, ಒಂದು ಕರಪತ್ರದ, ಒಂದು ಕವಾಯತಿನ ಖರ್ಚಿಗೆ ಓಡಿಹೋಗುವ ಬಂಡವಾಳ ನಮ್ಮನ್ನು ಸಾಕಲು ಬಂದದ್ದಲ್ಲ. ಒಂದು ಕಾರ್ಖಾನೆಗೆ ಬೆಂಕಿ ಬಿದ್ದಾಗ ಪಕ್ಕದ ಕಾರ್ಖಾನೆಯ ಬೆಂಕಿಗಾಡಿ ಓಡಿಬರುವುದು, ಅಗ್ನಿಶಾಮಕದವರಿಗೆ ಇಂಜಿನಿಯರುಗಳು ತರಬೇತಿ ಕೊಡುವುದು ಒಳ್ಳೆಯ ಸಹಕಾರವೇ. ಅದು ಬೆಳೆಯಲಿ. ಆದರೆ ನಂದಿಸುವುದರಲ್ಲಿ ಜೊತೆಯಾಗುವುದು ಬೇರೆ, ಮುಚ್ಚಿಡುವುದರಲ್ಲಿ ಜೊತೆಯಾಗುವುದು ಬೇರೆ.

ಈಗ ಹೊಸ ಕಾಯಿದೆಯ ಮಾತು. ಭೋಪಾಲದ ತರುವಾಯ 1987ರಲ್ಲಿ ತಿದ್ದುಪಡಿಯಾದ ಕಾರ್ಖಾನೆ ಕಾಯಿದೆ, ಅಪಾಯಕಾರಿ ಕೆಲಸ ನಡೆಯುವ ಪ್ರತಿ ಕಾರ್ಖಾನೆಯಲ್ಲಿಯೂ ಕಾರ್ಮಿಕರು ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಇರಲೇಬೇಕೆಂದು ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಕಾಯಿದೆಯನ್ನು ನುಂಗಿದೆ. ಸರ್ಕಾರ ಆಜ್ಞೆ ಮಾಡಿದರೆ ಸಮಿತಿ ಉಂಟು, ಮಾಡದಿದ್ದರೆ ಇಲ್ಲ! ಇನ್‌ಸ್ಪೆಕ್ಟರಿಗೆ ‘ಇನ್‌ಸ್ಪೆಕ್ಟರ್ ಮತ್ತು ಫೆಸಿಲಿಟೇಟರ್’ ಎಂದು ಹೊಸ ನಾಮಕರಣವಾಗಿದೆ. ಅಂದರೆ ತಪ್ಪು ಹಿಡಿಯುವವನೂ ಅವನೇ, ಅನುಕೂಲ ಮಾಡಿಕೊಡುವವನೂ ಅವನೇ. ಬೇಲಿಗೆ ಹೊಲ ಮೇಯುವ ಪರವಾನಗಿಯನ್ನು ಸರ್ಕಾರವೇ ಅಚ್ಚುಹಾಕಿ ಕೊಟ್ಟಂತಾಯಿತು.

ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಸ್ಥಳೀಯ ಸಮಿತಿಯ ಸದಸ್ಯರ ಹೆಸರು, ಪ್ರತಿ ತಿಂಗಳ ಸಭೆಯ ನಡವಳಿ ಕನ್ನಡದಲ್ಲಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರಬೇಕು. ಸಮಿತಿಯಲ್ಲಿ ಕಾರ್ಮಿಕರಿಗೆ, ಅದರಲ್ಲಿಯೂ ಗುತ್ತಿಗೆ ಕಾರ್ಮಿಕರಿಗೆ, ಅವರೇ ಆರಿಸಿದ ಪ್ರತಿನಿಧಿಗಳಿರಬೇಕು. ಕಾರ್ಖಾನೆ ಸುತ್ತಲಿನ ಪ್ರತಿ ಮನೆಗೂ, ಹೊರರಾಜ್ಯದಿಂದ ಬಂದವರಿರುವ ಪ್ರತಿ ಶೆಡ್ಡಿಗೂ, ಅವರವರ ಭಾಷೆಯಲ್ಲಿ ಒಂದು ಚೀಟಿ ತಲುಪಬೇಕು: ಒಳಗೆ ಯಾವ ವಿಷವಿದೆ, ಸೈರನ್ ಕೂಗಿದರೆ ಯಾವ ಕಡೆ ಹೋಗಬೇಕು. ಅಣಕು ಕವಾಯತು ಗೇಟಿನ ಒಳಗೆ ಫೋಟೋ ತೆಗೆಸಿಕೊಳ್ಳಲು ಅಲ್ಲ, ಊರವರನ್ನು ಸೇರಿಸಿಕೊಂಡು, ಒಮ್ಮೆಯಾದರೂ ರಾತ್ರಿಯ ಹೊತ್ತು ನಡೆಯಬೇಕು. ಯಾವ ಅನಿಲಕ್ಕೆ ಯಾವ ಚಿಕಿತ್ಸೆಯೆಂಬುದು ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ಮೊದಲೇ ತಿಳಿದಿರಬೇಕು.

ಸಮಿತಿಯಲ್ಲಿ ಪತ್ರಿಕೆಯವರಿಗೊಂದು ಸ್ಥಾನವಿದೆ ಎಂದೆವಲ್ಲ. ಆ ಕುರ್ಚಿಯನ್ನು ನಾವು ನಮಗಾಗಿ ಕೇಳುತ್ತಿಲ್ಲ. ಯಾವ ಪತ್ರಿಕೆಯವರೇ ಕೂತಿರಲಿ, ಅಲ್ಲಿ ಕೇಳಿದ್ದನ್ನು ಅಚ್ಚು ಹಾಕಲಿ. ಅಚ್ಚು ಹಾಕದವರು ಆ ಕುರ್ಚಿ ಬಿಟ್ಟು ಏಳಲಿ.

ಓದುಗರು ಮಾಡಬಹುದಾದ ಕೆಲಸವೂ ಇದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಿಮ್ಮ ಭಾಗದಲ್ಲಿ ಇಂಥ ಸಮಿತಿ ಇದೆಯೇ, ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಸಲ ಸೇರಿತು, ನಡವಳಿಯ ನಕಲು ಎಲ್ಲಿ ಎಂದು ಉಪವಿಭಾಗಾಧಿಕಾರಿಗಳ ಕಚೇರಿಗೆ ಬರೆಯಿರಿ. ಬಂದ ಉತ್ತರವನ್ನು ನಮಗೆ ಕಳಿಸಿ. ಉತ್ತರ ಬಾರದಿದ್ದರೆ ಆ ಸಂಗತಿಯನ್ನೂ ಕಳಿಸಿ. ಎರಡನ್ನೂ ನಾವು ಪ್ರಕಟಿಸುತ್ತೇವೆ. ಭೋಪಾಲದ ಪುಟ್ಟ ಪತ್ರಿಕೆಯೊಂದು ಕೂಗಿದಾಗ ಯಾರೂ ಕಿವಿಗೊಡಲಿಲ್ಲ. ಈ ಊರಿನಲ್ಲಿ ಪತ್ರಿಕೆಯೊಂದೇ ಕೂಗಿದರೆ ಸಾಲದು, ಜನ ಕೂಗಬೇಕು. ಅದೂ ಸೈರನ್ನಿಗಿಂತ ಮುಂಚೆ.